ಬೆಕ್ಕು ಮಲಗುವ ಜಾಗ

ಲಾರ್ಕ್ ಲೇನ್, ಎಲ್ಡರ್‌ಬ್ರೂಕ್
ಲಾಂಗ್ ಐಲೆಂಡ್
ಅಕ್ಟೋಬರ್ 14, 1990

ಪ್ರಿಯ ರೋಸಲೀ,

ನಿನ್ನ ಚಿಕ್ಕಪ್ಪನ ಮಗಳು ಕಾನ್ನಿ ಚರ್ಚಿನಲ್ಲಿ ಸಿಕ್ಕಿ ನಿನ್ನ ವಿಳಾಸ ಕೊಟ್ಟಳು. ಡುಲೂತ್ ಎಲ್ಲಿದೆ ಎಂದು ನಕ್ಷೆ ಹರಡಿಕೊಂಡು ಹುಡುಕಿದೆ. ಈ ಕಾಗದವನ್ನು ನಿನಗೆ ಯಾರು ಓದಿ ಹೇಳುತ್ತಿದ್ದಾರೋ ತಿಳಿಯದು. ಯಾರೇ ಆಗಲಿ, ಅವರಿಗೆ ನನ್ನ ನಮಸ್ಕಾರ. ನಾನು ವಿನಿಫ್ರೆಡ್ ಹ್ಯಾಲೊರನ್, ನಿಮ್ಮ ಪಕ್ಕದ ಮನೆಯ ವಿನ್ನೀ. ಮದುವೆಯಾಗಿ ಹೆಸರು ಡಾಯ್ಲ್ ಆಯಿತು, ಮನೆ ಮಾತ್ರ ಬದಲಾಗಲಿಲ್ಲ. ಅಪ್ಪ ಅಮ್ಮ ಫ್ಲಾರಿಡಾಕ್ಕೆ ಹೋದಾಗ ನಾನು, ನನ್ನ ಗಂಡ ಲಿಯೊ ಇದೇ ಮನೆಯನ್ನು ತೆಗೆದುಕೊಂಡೆವು.

ವಿಷಯಕ್ಕೆ ಬರುತ್ತೇನೆ. ನನ್ನ ಕಣ್ಣು ಹೋಗುತ್ತಿದೆ. ಕಣ್ಣಿನ ಹಿಂಬದಿಯ ಪೊರೆ ಸವೆಯುತ್ತಿದೆಯಂತೆ. ಅಜ್ಜಿಗೂ ಇದೇ ಇತ್ತು. ಔಷಧಿ ಇಲ್ಲ. ಈಗ ಹಬೆ ಹಿಡಿದ ಗಾಜಿನ ಮೂಲಕ ನೋಡಿದ ಹಾಗೆ ಕಾಣುತ್ತದೆ. ಮುಂದಿನ ವರ್ಷ ಹೇಗಿರುತ್ತದೆ ಎಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟೆ. ಏಳನೇ ವಯಸ್ಸಿನಿಂದ ಇರುವ ಮನೆಯಲ್ಲಿ ಸಂಜೆಯಾದರೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುತ್ತೇನೆ. ನನ್ನ ಮನೆಯಲ್ಲೇ ನಾನು ಕಳೆದುಹೋದರೆ ಬೇರೆಲ್ಲಿ ಇರಲಿ, ರೋಸಲೀ? ಈ ಹೆದರಿಕೆಯನ್ನು ಬೇರೆ ಯಾರಿಗೆ ಹೇಳಿದರೂ ಅಯ್ಯೋ ಅನ್ನುತ್ತಾರೆ. ನೀನು ಅನ್ನುವುದಿಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಇದರ ಜೊತೆಗೆ ಬಾಯ್ಲರಿನ ನೀರು ಎಲ್ಲೋ ಸೋರುತ್ತಿದೆ. ಕಾಂಕ್ರೀಟಿನೊಳಗೆ ಹೂತ ತಾಮ್ರದ ಕೊಳವೆ ನಿನಗೆ ನೆನಪಿರಬೇಕು. ಅದೇ ಹಳೆಯ ಕೊಳವೆ ಇವತ್ತಿಗೂ ಬಿಸಿನೀರು ಹರಿಸಿ ನಮ್ಮ ನೆಲವನ್ನು ಕಾಯಿಸುತ್ತಿದೆ. ಅದನ್ನು ಮುಚ್ಚಿ ಗೋಡೆಯ ಬುಡಕ್ಕೆ ಹೀಟರು ಹಾಕಿಸಿಕೊಳ್ಳಿ ಎಂದು ಪ್ಲಂಬರ್ ಹೇಳಿ ಹೋದ. ಲಿಯೊ ಕುಣಿದಾಡಿದ. "ಬಿಡು, ಅದೂ ಆಗ್ಲಿ. ಮೇಲೆ ದಪ್ಪ ಕಾರ್ಪೆಟ್ ಹಾಕ್ಸೋಣ, ಪಾದ ಮುಳುಗ್ಬೇಕು ಅಂಥದ್ದು. ನೀನು ಬಿದ್ರೂ ಮೊಸರಿನ ಮೇಲೆ ಬಿದ್ದ ಹಾಗಿರ್ಬೇಕು" ಎನ್ನುತ್ತಾನೆ. ಅವನು ಒಳ್ಳೆಯವನು.

ಇತ್ತೀಚೆಗೆ ನನಗೆ ನಮ್ಮ ಬೀದಿಯೇ ಕನಸಿನಲ್ಲಿ ಬರುತ್ತದೆ. ಆಲೂಗಡ್ಡೆ ಹೊಲದ ಮೇಲೆ ಒಂದೇ ಅಚ್ಚಿನಲ್ಲಿ ಎದ್ದ ಮನೆಗಳು. ಹುಲ್ಲು ಅಗೆದರೆ ಇನ್ನೂ ಆಲೂಗಡ್ಡೆ ಸಿಗುತ್ತಿತ್ತು. ಒಮ್ಮೆ ನನ್ನಪ್ಪ ರೈಲಿಳಿದು ಬಂದು ನಮ್ಮ ಮನೆಯೆಂದೇ ತಿಳಿದು ಲಿಂಡ್‌ಕ್ವಿಸ್ಟ್ ಅವರ ಮನೆಗೆ ನುಗ್ಗಿ, ಟೋಪಿ ತೂಗುಹಾಕಿ, ಊಟದ ಮೇಜಿಗೆ ಕೂತು, "ಇವತ್ತೇನು ಅಡುಗೆ?" ಎಂದು ಕೇಳಿದ್ದರು. "ನಿಮ್ಮನೇಲಿ ಏನೋ ಗೊತ್ತಿಲ್ಲ ಹ್ಯಾಲೊರನ್ ಅವರೇ, ಇಲ್ಲಂತೂ ಮೀನು" ಎಂದಿದ್ದರು ಆ ಮನೆಯಾಕೆ.

ಎಲ್ಲಕ್ಕಿಂತ ಹೆಚ್ಚಾಗಿ ಆ ಹಿಮದ ಸಂಜೆ. ನನ್ನ ತಮ್ಮ ಟಿಮ್ಮಿಗೆ ಆಗ ನಾಲ್ಕು ವರ್ಷ. ಅಂಗಳದಲ್ಲಿ ಆಡುತ್ತಿದ್ದವನು ಇದ್ದಕ್ಕಿದ್ದಂತೆ ಇಲ್ಲ. ಗಂಡಸರೆಲ್ಲ ಟಾರ್ಚ್ ಹಿಡಿದು ಹೊಲದ ಕಡೆ, ಚರಂಡಿಯ ಕಡೆ ಓಡಿದರು. ಬೆಂಕಿ ಆರಿಸುವವರ ಸೈರನ್ ಕೂಗಿತು. ನೀನು ನಮ್ಮ ಅಡುಗೆಮನೆಯಲ್ಲಿ ಬರೀ ಕಾಲುಚೀಲದಲ್ಲಿ ನಿಂತು, "ಟಿಮ್ಮಿ ಮನೆಗೇ ಬಂದಿದಾನೆ" ಎಂದೆ. "ಯಾವ ಮನೆಗೇ ತಾಯಿ, ಕಣ್ಣಿಗೆ ಕಾಣ್ತಿಲ್ವಲ್ಲ!" ಎಂದು ಅಮ್ಮ ಕಿರುಚಿ, ತಾನೇನು ಹೇಳಿದೆ ಎಂದು ತಿಳಿದು ಬಾಯಿ ಮುಚ್ಚಿಕೊಂಡಳು. ನೀನು ನನ್ನ ತೋಳು ಹಿಡಿದು ಹೊರಟೆ. ಬೀಗ ಹಾಕುವ ಅಭ್ಯಾಸ ಯಾರಿಗೂ ಇರಲಿಲ್ಲ. ಒಂದೊಂದೇ ಮನೆಗೆ ಹೊಕ್ಕು, ಗೋಡೆ ಮುಟ್ಟದೆ ನೇರ ಮೆಟ್ಟಿಲ ಬುಡಕ್ಕೆ ನಡೆದು, ಬಗ್ಗಿ ಕೈಯಾಡಿಸಿ, ಮುಂದಿನ ಮನೆಗೆ. ಊರಿಗೆ ಹೋಗಿದ್ದ ಲಿಂಡ್‌ಕ್ವಿಸ್ಟರ ಖಾಲಿ ಮನೆಯಲ್ಲಿ, ಮೆಟ್ಟಿಲ ಬುಡದ ಕತ್ತಲೆಯಲ್ಲಿ, ಕೋಟು ಬೂಟಿನ ಸಮೇತ ಅವನು ನಿದ್ದೆ ಮಾಡುತ್ತಿದ್ದ.

ನಿನಗೆ ಅದು ಹೇಗೆ ಗೊತ್ತಾಯಿತು? ಅದನ್ನು ಕಲಿಯಲು ಸಾಧ್ಯವೇ?

ನಿನ್ನ
ವಿನ್ನೀ


ಡುಲೂತ್, ಮಿನಸೋಟಾ
ನವೆಂಬರ್ 4, 1990

ವಿನ್ನೀ,

ನಿನ್ನ ಕಾಗದವನ್ನು ನನ್ನ ಗಂಡ ಸ್ಟ್ಯಾನ್ ಎರಡು ಸಲ ಓದಿದ. ಎರಡನೇ ಸಲ ನಿನ್ನ ಅಮ್ಮನ ಮಾತಿಗೆ ಬಂದಾಗ ಅವನಿಗೆ ನಗು ತಡೆಯಲಾಗಲಿಲ್ಲ. ನಾನು ಇಲ್ಲಿಯ ಆಸ್ಪತ್ರೆಯಲ್ಲಿ ಟೆಲಿಫೋನ್ ವಿಭಾಗದಲ್ಲಿದ್ದೇನೆ. ಕಾಗದವನ್ನು ನಾನೇ ಟೈಪ್ ಮಾಡುತ್ತೇನೆ. ತಪ್ಪಿದ್ದರೆ ನನಗೆ ಕಾಣುವುದಿಲ್ಲ, ನೀನೂ ನೋಡಬೇಡ.

ಅಯ್ಯೋ ಅನ್ನುವುದಿಲ್ಲ. ಕಷ್ಟ ಎಂದು ಮಾತ್ರ ಹೇಳುತ್ತೇನೆ. ನನ್ನದು ಐದನೇ ವಯಸ್ಸಿನಲ್ಲಿ ಜ್ವರದಲ್ಲಿ ಒಂದೇ ವಾರಕ್ಕೆ ಹೋಯಿತು. ನಿನ್ನ ಹಾಗೆ ದಿನವೂ ಸ್ವಲ್ಪ ಸ್ವಲ್ಪ ಕೊಡಬೇಕಾಗಿ ಬರಲಿಲ್ಲ.

ಈಗ ಟಿಮ್ಮಿಯ ವಿಷಯ. ಆವತ್ತು ಪಾದ್ರಿಗಳು ಬಂದು ನನ್ನ ತಲೆ ಮುಟ್ಟಿದರು, ಮೂರು ಮನೆಯವರು ಕೇಕ್ ಕಳಿಸಿದರು. ಹೇಗೆ ಗೊತ್ತಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ನಲವತ್ತು ವರ್ಷದಲ್ಲಿ ಮೊದಲು ಕೇಳಿದವಳು ನೀನು.

ಕಣ್ಣಿದ್ದ ನೀವೆಲ್ಲ ನಿಮ್ಮ ಮನೆಯನ್ನು ಹೇಗೆ ಗುರುತಿಸುತ್ತಿದ್ದಿರಿ? ಬಾಗಿಲ ಬಣ್ಣದಿಂದ, ಬೇಲಿ ಗಿಡದಿಂದ, ಅಂಗಳದಲ್ಲಿ ಬಿದ್ದಿರುತ್ತಿದ್ದ ಟಿಮ್ಮಿಯ ಕೆಂಪು ಮೂರುಗಾಲಿ ಸೈಕಲ್ಲಿನಿಂದ. ಆವತ್ತು ಹಿಮ ಬಿದ್ದು ಅವೆಲ್ಲ ಮುಚ್ಚಿಹೋಗಿದ್ದವು. ಕಿಟಕಿಯಿಂದ ಹೊರಗೆ ನೋಡುತ್ತಾ ನಿನ್ನ ಅಕ್ಕಪಕ್ಕದ ಹೆಂಗಸರು, "ಎಲ್ಲಾ ಒಂದೇ ಬಿಳಿ, ಒಂದು ಮನೆಯೂ ಗೊತ್ತಾಗ್ತಿಲ್ಲ" ಎಂದು ಅಳುತ್ತಿದ್ದರು. ಅದು ಕಿವಿಗೆ ಬಿದ್ದಾಗ ನನಗೆ ಅನಿಸಿತು: ನನಗೆ ಯಾವತ್ತೂ ಹಾಗೇ ಅಲ್ಲವೇ? ನಾಲ್ಕು ವರ್ಷದ ಮಗು ಚಳಿಯಾದರೆ ಹೊಲಕ್ಕೆ ಹೋಗುವುದಿಲ್ಲ, ಮನೆಗೆ ಬರುತ್ತದೆ. ಬಂದೇ ಇರುತ್ತಾನೆ, ಬೇರೆ ಮನೆಗೆ.

ಒಳಗೆ ಬಂದವನು ಎಲ್ಲಿ ಮಲಗುತ್ತಾನೆ? ದಿನಾ ಮಲಗುವ ಕಡೆ, ನಿಮ್ಮ ಬೆಕ್ಕಿನ ಪಕ್ಕ. ವಿನ್ನೀ, ಆ ಬೀದಿಯಲ್ಲಿ ಬೆಕ್ಕಿದ್ದ ಪ್ರತಿ ಮನೆಯಲ್ಲೂ ಬೆಕ್ಕು ಒಂದೇ ಜಾಗದಲ್ಲಿ ಮಲಗುತ್ತಿತ್ತು, ನೀನು ಗಮನಿಸಿರಲಿಲ್ಲವೇ? ಮೆಟ್ಟಿಲ ಬುಡದಲ್ಲಿ ಕೊಳವೆಗಳು ಒತ್ತಾಗಿ ಬಾಗುತ್ತವೆ, ನೆಲ ಅಲ್ಲಿ ಎಲ್ಲಕ್ಕಿಂತ ಬೆಚ್ಚಗೆ. ಬೆಕ್ಕುಗಳಿಗೂ ನನಗೂ ಅದು ಗೊತ್ತಿತ್ತು. ಬರಿಗಾಲಿಗೆ ಆ ನೆಲ ಬೀದಿಯ ಹಾಗೆ: ಬೆಚ್ಚಗಿನ ಗೆರೆಯ ಮೇಲೆ ನಡೆದರೆ ಅಡುಗೆಮನೆ, ಬಿಟ್ಟರೆ ಗೋಡೆ. ಒಂದು ಮನೆ ಕಲಿತರೆ ಊರೇ ಕಲಿತ ಹಾಗೆ. ಕಣ್ಣಿಲ್ಲದ ಹುಡುಗಿಗೆ ಅಷ್ಟು ಮನೆಗಳ ಬಾಗಿಲು ತೆರೆದುಕೊಟ್ಟ ಊರು ಭೂಮಿಯ ಮೇಲೆ ಇನ್ನೊಂದು ಇತ್ತೋ ಇಲ್ಲವೋ.

ಒಂದು ಮಾತು ಕೇಳಬೇಕು. ಈಗ ನಿಮ್ಮ ನೆಲದ ಮೇಲೆ ಏನಿದೆ? ನನಗೆ ಹದಿನಾರು ತುಂಬಿದ ವರ್ಷ ನಿನ್ನ ಅಮ್ಮ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸಿದಳಲ್ಲ, ನೀನು ಸಂಭ್ರಮದಿಂದ ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟೆ. ನೆಲ ಮೂಕವಾಗಿತ್ತು. ನನ್ನ ಎರಡನೇ ಮನೆಯಲ್ಲಿ ಎಲ್ಲಿ ನಿಂತಿದ್ದೇನೆ ಎಂದು ತಿಳಿಯಲಿಲ್ಲ. ಅದಕ್ಕೇ ಮನೆಗೆ ಹೋಗುತ್ತೇನೆ ಎಂದೆ.

ರೋಸಲೀ

ಮರೆತ ಮಾತು: ವಿನ್ನೀ ಅವರೇ, ನಾನು ಸ್ಟ್ಯಾನ್. ರೈಲ್ವೆಯವನು, ಕೆಟ್ಟ ಅಕ್ಷರ. ಇದನ್ನು ಪೆನ್ನಿನಲ್ಲಿ ಕದ್ದು ಬರೆಯುತ್ತಿದ್ದೇನೆ. ನಿಮ್ಮ ಕಾಗದ ಬಂದಾಗಿನಿಂದ ಇವಳು ಮನೆಯಲ್ಲಿ ಚಪ್ಪಲಿ ಬಿಟ್ಟು ಓಡಾಡುತ್ತಿದ್ದಾಳೆ. ನಮ್ಮದು ಮರದ ನೆಲ, ಐಸಿನಂತೆ ಕೊರೆಯುತ್ತದೆ.


ಲಾರ್ಕ್ ಲೇನ್
ನವೆಂಬರ್ 25, 1990

ಪ್ರಿಯ ರೋಸಲೀ, ಪ್ರಿಯ ಸ್ಟ್ಯಾನ್,

ಇಷ್ಟು ವರ್ಷ ನಾನು ಏನೆಂದುಕೊಂಡಿದ್ದೆ ಗೊತ್ತೇ? ನಮ್ಮ ಹೊಸ ಕಾರ್ಪೆಟ್ ಕಂಡು ನಿನಗೆ ಹೊಟ್ಟೆಕಿಚ್ಚು ಬಂತು ಎಂದು. ಆಮೇಲೆ ನೀನು ನಮ್ಮ ಮನೆಗೆ ಬರಲೇ ಇಲ್ಲ, ಮರುವರ್ಷ ಊರೇ ಬಿಟ್ಟೆ. ಬಾಯಿ ಬಿಟ್ಟು ಹೇಳಬಾರದಿತ್ತೇ? ನಾನೂ ಕೇಳಬಹುದಿತ್ತು, ಬಿಡು. ಅಮ್ಮನ ಆ ಕಾರ್ಪೆಟ್ ಈಗಲೂ ನಮ್ಮ ನೆಲದ ಮೇಲಿದೆ, ಸವೆದು ತೆಳ್ಳಗಾಗಿ.

ನಿನ್ನ ಕಾಗದವನ್ನು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತಾಗ ಲಿಯೊನಿಂದ ಗಟ್ಟಿಯಾಗಿ ಓದಿಸಿದೆ. ಟಿಮ್ಮಿ ಬಂದಿದ್ದ. ಅವನೀಗ ವಿಮೆ ಕಂಪನಿಯಲ್ಲಿ ದೊಡ್ಡ ಹೊಟ್ಟೆಯ ಸಾಹೇಬ. ಫೋರ್ಕು ಕೆಳಗಿಟ್ಟ. "ನಂಗೆ ಹುಡುಕಿದ್ದು, ಅಮ್ಮ ಅತ್ತಿದ್ದು ಏನೂ ನೆನಪಿಲ್ಲ ಕಣೇ" ಎಂದ. "ಒಂದು ಕಡೆ ಕೆನ್ನೆ ಬೆಚ್ಚಗಿತ್ತು. ಅಷ್ಟೇ ನೆನಪಿರೋದು."

ಲಿಯೊ ಒಪ್ಪಲಿಲ್ಲ. "ನೋಡು, ಆ ಹೆಂಗಸು ದೇವತೆಯೇ ಇರ್ಬಹುದು. ಆದ್ರೆ ಅವಳ ಹಳೇ ನೆನಪನ್ನ ನಂಬ್ಕೊಂಡು ನಿನ್ನನ್ನ ಬರೀ ಕಾಂಕ್ರೀಟಿನ ಮೇಲೆ ನಡೆಸ್ಲಾ? ಬಿದ್ದು ಸೊಂಟ ಮುರಿದ್ರೆ?"

"ಬಿದ್ರೆ ಎತ್ತು."

"ಎತ್ತೋದಕ್ಕೆ ನಾನು ಇಡೀ ದಿನ ಮನೇಲಿರ್ತೀನಾ?"

ಕಾರ್ಪೆಟ್ಟನ್ನು ಆಗಲೇ ಹೇಳಿಟ್ಟಿದ್ದಾನೆ. ಕ್ರಿಸ್‌ಮಸ್ಸಿಗೆ ನನ್ನ ಉಡುಗೊರೆಯಂತೆ. ಬಣ್ಣ ಯಾವುದು ಎಂದು ಕೇಳಿದೆ. ಹೇಳಲು ಬಾಯಿ ತೆರೆದವನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದ.

ನಿನಗೆ ನಿಜ ಹೇಳುತ್ತೇನೆ. ನನಗೂ ಧೈರ್ಯವಿಲ್ಲ. ನನ್ನ ಪಾದಗಳು ಇಷ್ಟು ವರ್ಷ ಶೂಗಳೊಳಗೆ ಮಲಗಿದ್ದವು. ಅವಕ್ಕೆ ಏನೂ ತಿಳಿಯದಿದ್ದರೆ? ಆಗ ಉಳಿದ ಒಂದು ಆಸೆಯೂ ಹೋಗುತ್ತದೆ.

ವಿನ್ನೀ


ಡುಲೂತ್
ಡಿಸೆಂಬರ್ 16, 1990

ವಿನ್ನೀ,

ನಿನ್ನ ಗಂಡನ ಮೇಲೆ ನನಗೆ ಕೋಪವಿಲ್ಲ. ಕಣ್ಣಿರುವವರು ನಮ್ಮನ್ನು ಪ್ರೀತಿಸುವಾಗ ಜಗತ್ತನ್ನು ಮೆತ್ತಗೆ ಮಾಡಲು ನೋಡುತ್ತಾರೆ. ನಮಗೆ ಬೇಕಾದ್ದು ಗಟ್ಟಿ ಮೂಲೆಗಳು. ಸ್ಟ್ಯಾನ್ ಮದುವೆಯಾದ ಹೊಸದರಲ್ಲಿ ಮೇಜಿನ ಅಂಚಿಗೆಲ್ಲ ರಬ್ಬರು ಅಂಟಿಸಿದ್ದ. ಕಿತ್ತು ಹಾಕಿ, "ಇದು ಮೇಜೋ ದಿಂಬೋ ಗೊತ್ತಾಗ್ಲಿಲ್ಲ ಅಂದ್ರೆ ನಾನು ಊಟ ಎಲ್ಲಿಡ್ಲಿ?" ಎಂದು ಜಗಳವಾಡಿದೆ.

ನಿನ್ನ ಪಾದಗಳು ದಡ್ಡವಾಗಿದ್ದರೆ ದಡ್ಡವೇ ಸರಿ, ಕಲಿಸಬಹುದು. ನಿಮ್ಮ ಮನೆಯ ನೆಲವನ್ನು ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ಮನೆಯ ನೆಲವೇ. ಬೆಚ್ಚಗಿನ ಗೆರೆ ಬಾಯ್ಲರಿನಿಂದ ಹೊರಟು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಹಾಯುತ್ತದೆ. ಅಮ್ಮಂದಿರು ಅಲ್ಲಿ ನಿಂತಾಗ ಒಂದು ಕಾಲನ್ನು ಇನ್ನೊಂದರ ಮೇಲೆ ಇಡುತ್ತಾರೆ ಎಂದು ನೀನೇ ಹೇಳಿ ನಗುತ್ತಿದ್ದೆಯಲ್ಲ, ಅದೇ ಜಾಗ. ಅಲ್ಲಿಂದ ಬಾಗಿಲಿಗೆ ಮುಂಚೆ ಒಂದು ಕಡೆ ತಣ್ಣಗಾಗುತ್ತದೆ. ಹೆದರಬೇಡ, ದಾಟು. ಹಜಾರದಲ್ಲಿ ಗೆರೆಗಳು ಉಗುರಿನಿಂದ ಎಳೆದ ಹಾಗೆ ಉದ್ದಕ್ಕೆ ಹೋಗುತ್ತವೆ. ಅವನ್ನು ಅಡ್ಡಕ್ಕೆ ದಾಟಿದರೆ ಕಿಟಕಿ, ಉದ್ದಕ್ಕೆ ಹೋದರೆ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ಅವೆಲ್ಲ ಗುಂಪಾಗಿ ತಿರುಗುತ್ತವೆ. ಅಲ್ಲಿ ನಿಂತರೆ ಮನೆಯ ಎದೆಯ ಮೇಲೆ ನಿಂತ ಹಾಗೆ. ಎಲ್ಲಿಗೆ ಹೋಗಬೇಕಿದ್ದರೂ ಅಲ್ಲಿಗೆ ಬಂದು ಹೋಗು. ಹೆಜ್ಜೆ ಎಣಿಸಬೇಡ, ಎಣಿಸುವವರು ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮುಗಿದರು.

ಇದನ್ನು ಟೈಪ್ ಮಾಡುವಾಗ ಮೇಜಿನ ಕೆಳಗೆ ನನ್ನ ಕಾಲ್ಬೆರಳುಗಳು ಆಡುತ್ತಿದ್ದವು. ಅಷ್ಟು ಕಾಲ ಎಲ್ಲಿ ಇಟ್ಟುಕೊಂಡಿದ್ದವೋ ಆ ಊರನ್ನು. ಆಮೇಲೆ ಒಬ್ಬೊಬ್ಬರಾಗಿ ಗೋಡೆ ಒಡೆದರು, ಮಹಡಿ ಎತ್ತಿದರು, ಕಾರ್ಪೆಟ್ ಹಾಕಿದರು. ಎಲ್ಲರಿಗೂ ತಮ್ಮ ಮನೆ ಬೇರೆಯಾಗಿ ಕಾಣಬೇಕಿತ್ತು. ಅದು ತಪ್ಪಲ್ಲ. ನನಗೆ ಮಾತ್ರ ಒಂದೊಂದೇ ಮನೆ ಬಾಗಿಲು ಹಾಕಿಕೊಂಡಿತು.

ನಿನ್ನ ಹೋದ ಸಲದ ಲಕೋಟೆ ಮೊದಲಿನದಕ್ಕಿಂತ ಭಾರವಾಗಿತ್ತು. ಹಾಗೇ ಬರೆಯುತ್ತಿರು.

ರೋಸಲೀ

ಸ್ಟ್ಯಾನ್ ಕದ್ದು ಬರೆದದ್ದು: ಲಕೋಟೆ ಕೈಗೆ ಸಿಕ್ಕರೆ ಇವಳು ಅಂಗೈಯಲ್ಲಿ ತೂಗಿ ನೋಡುತ್ತಾಳೆ, "ಈ ಸಲ ಮನಸ್ಸು ಬಿಚ್ಚಿ ಬರ್ದಿದಾಳೆ" ಎನ್ನುತ್ತಾಳೆ. ನಿಮ್ಮ ಅಕ್ಷರ ದೊಡ್ಡದಾಗುತ್ತಿದೆ, ಒಂದು ಹಾಳೆಗೆ ನಾಲ್ಕೇ ಸಾಲು ಹಿಡಿಯುತ್ತಿದೆ ಎಂದು ನಾನು ಹೇಳಿಲ್ಲ. ಹೇಳಬೇಕೋ ಬೇಡವೋ ನೀವೇ ತಿಳಿಸಿ.


ಡುಲೂತ್
ಜನವರಿ 27, 1991

ವಿನ್ನೀ,

ಕ್ರಿಸ್‌ಮಸ್ ಕಳೆಯಿತು, ನಿನ್ನ ಕಾಗದವಿಲ್ಲ. ಅಂಚೆಯವನು ಬರುವ ಹೊತ್ತಿಗೆ ಸ್ಟ್ಯಾನ್ ಸುಮ್ಮನೆ ಕೆಮ್ಮುತ್ತಾ ಬಾಗಿಲಿಗೆ ಹೋಗುತ್ತಾನೆ, ಕೆಮ್ಮುತ್ತಾ ವಾಪಸು ಬರುತ್ತಾನೆ.

ಕಾರ್ಪೆಟ್ ಹಾಕಿಸಿಕೊಂಡಿದ್ದರೆ ಹಾಕಿಸಿಕೊಂಡೆ ಎಂದು ಬರೆ. ನನಗೇನೂ ಬೇಸರವಿಲ್ಲ. ಬೇಸರವಿದೆ, ಆದರೂ ಬರೆ.

ರೋಸಲೀ


ಲಾರ್ಕ್ ಲೇನ್
ಫೆಬ್ರವರಿ 17, 1991

ಪ್ರಿಯ ರೋಸಲೀ,

ಹಾಕಿಸಿಕೊಂಡೆವು. ನಸುಹಸಿರು ಬಣ್ಣವಂತೆ. ಗೋಡೆಯ ಹೀಟರಿನ ಕೆಲಸ ಮಾತ್ರ ಚಳಿಗಾಲ ಮುಗಿಯಲಿ ಎಂದು ಬಿಟ್ಟೆವು. ಲಿಯೊ ಮಂಡಿಯೂರಿ ತಾನೇ ಮೂಲೆಗಳನ್ನು ಕೂರಿಸಿದ. ಅಷ್ಟು ಮೆತ್ತಗಿನದನ್ನು ನಾನು ಎಂದೂ ಮೆಟ್ಟಿರಲಿಲ್ಲ.

ಜನವರಿಯಲ್ಲಿ ಒಂದು ಮಧ್ಯಾಹ್ನ ಮೋಡ ಕವಿದಿತ್ತು, ದೀಪ ಹಾಕಿದರೂ ಬರೀ ಬೂದಿ ಬಣ್ಣ. ಹಜಾರದ ನಡುವೆ ಕಾಲು ತೊಡರಿ ಬಿದ್ದೆ. ಪೆಟ್ಟು ಒಂದಿಷ್ಟೂ ಆಗಲಿಲ್ಲ, ಲಿಯೊ ಹೇಳಿದ್ದು ನಿಜ. ಆದರೆ ಏಳುವಾಗ ಯಾವ ಕಡೆ ಮುಖ ಮಾಡಿದ್ದೇನೆ ಎಂದು ಗೊತ್ತಾಗಲಿಲ್ಲ. ಯಾವ ಕಡೆ ಕೈ ಹಾಕಿದರೂ ಒಂದೇ ಮೆತ್ತಗೆ, ಒಂದೇ ನಯ. ಹಿಮದ ಬಯಲಿನಲ್ಲಿ ಕೂತ ಹಾಗೆ. ನಮ್ಮಮ್ಮ ಹಾಸಿಗೆ ಹಾಸುತ್ತಿದ್ದ, ನಾನು ಹಲ್ಲು ಉದುರಿಸಿಕೊಂಡ ಮನೆ ಅದು. ಎದ್ದು ಹೊರಟರೆ ಎಲ್ಲಿಗೆ ಹೋಗುತ್ತೇನೋ ಎಂಬ ಭಯಕ್ಕೆ ಅಲ್ಲೇ ಕೂತುಬಿಟ್ಟೆ. ಕೂಗಿದರೆ ಕೇಳುವವರಿರಲಿಲ್ಲ. ಕೆಲಸ ಮುಗಿಸಿ ಲಿಯೊ ಬಂದ. ದೀಪದ ಕೆಳಗೆ, ಕೈಗೆಟಕುವಷ್ಟು ದೂರದಲ್ಲಿ ಕುರ್ಚಿ ಇರುವಾಗ, ನಾನು ಕೂತು ಅಳುತ್ತಿದ್ದುದನ್ನು ನೋಡಿದ.

"ಎಷ್ಟು ಹೊತ್ತಾಯ್ತೇ?" ಎಂದ.

"ನಾನು ಎಲ್ಲಿದೀನಿ ಲಿಯೊ?" ಎಂದೆ.

ಮಾರನೇ ಬೆಳಿಗ್ಗೆ ಚಾಕುವಿನಿಂದ ಬಟ್ಟೆ ಸೀಳುವ ಸದ್ದಿಗೆ ಎಚ್ಚರವಾಯಿತು. ಹೊಸ ಕಾರ್ಪೆಟ್ಟನ್ನೂ ಅದರಡಿ ಉಳಿದಿದ್ದ ಅಮ್ಮನದನ್ನೂ ಉದ್ದುದ್ದ ಸೀಳಿ, ಸುರುಳಿ ಮಾಡಿ, ಅಂಗಳಕ್ಕೆ ಎಸೆಯುತ್ತಿದ್ದ. ಎಲ್ಲಕ್ಕಿಂತ ಕೆಳಗೆ ಹಳೆಯ ಕಪ್ಪು ಟೈಲ್ಸು. ಮೆಟ್ಟಿಲ ಬುಡಕ್ಕೆ ಬಂದಾಗ ಅವನ ಕೈ ನಿಂತಿತು. "ಇಲ್ಲಿ ಬಾ. ಇದೇನಿದು?" ಎಂದ. ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಕೆಂಪು, ನೀಲಿ, ಹಳದಿ. ಟಿಮ್ಮಿ ಚಿಕ್ಕವನಿದ್ದಾಗ ಅಲ್ಲಿ ಬಿಟ್ಟಿದ್ದ ಬಣ್ಣದ ಮೇಣದ ಕಡ್ಡಿಗಳು ನೆಲದ ಬಿಸಿಗೆ ಕರಗಿ ಟೈಲ್ಸಿನೊಳಗೆ ಇಳಿದಿದ್ದವು. ಎಷ್ಟೋ ತಿಂಗಳಿನಿಂದ ಏನೂ ಸರಿಯಾಗಿ ಕಾಣದ ನನಗೆ ಆ ಕೆಂಪು ಕಂಡಿತು.

ಲಿಯೊ ನಿನ್ನ ಕಾಗದ ಕೈಯಲ್ಲಿ ಹಿಡಿದು ಓದುತ್ತಾ ಹೋದ, ನಾನು ಬರಿಗಾಲಲ್ಲಿ ನಡೆದೆ. ಮೊದಲ ದಿನ ಏನೂ ತಿಳಿಯಲಿಲ್ಲ. ಎರಡನೇ ದಿನವೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ತೊಟ್ಟಿಯ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಾಗ, ಯೋಚಿಸದೆಯೇ, ಒಂದು ಕಾಲನ್ನು ಇನ್ನೊಂದರ ಮೇಲೆ ಇಟ್ಟುಕೊಂಡಿದ್ದೆ. ಅಮ್ಮನ ಹಾಗೆ. ಕೆಳಗೆ ಗೆರೆ ಇತ್ತು. ಅದನ್ನು ಹಿಡಿದು ಹೋದೆ. ತಣ್ಣಗಿನ ಕಡೆ ಬಂತು, ನೀನು ಹೇಳಿದಲ್ಲೇ. ದಾಟಿದೆ. ಗೆರೆಗಳು ತಿರುಗಿದವು. ನೆಲದಡಿ ಇಷ್ಟು ವರ್ಷ ಯಾರಿಗೂ ಹೇಳದೆ ಒಂದು ನದಿ ಹರಿಯುತ್ತಿತ್ತು ರೋಸಲೀ, ನಾವು ಅದರ ಮೇಲೆ ಟೀವಿ ನೋಡುತ್ತಾ ಕೂತಿದ್ದೆವು.

ಹಜಾರದಲ್ಲಿ ಒಂದು ಕಡೆ ಗೆರೆ ಗೆರೆಯಾಗಿ ಉಳಿಯದೆ ಅಗಲಕ್ಕೆ ಹರಡಿಕೊಂಡಿತ್ತು. ದಡ ಒಡೆದ ಹಾಗೆ. ಪ್ಲಂಬರ್ ಇಯೊವೀನೋನನ್ನು ಕರೆಸಿದೆವು. "ಇಡೀ ನೆಲ ಒಡೀದೆ ಸೋರೋ ಜಾಗ ಸಿಗಲ್ಲ ಮೇಡಂ, ನಾನು ಆವತ್ತೇ ಹೇಳಿದ್ನಲ್ಲ" ಎಂದ. ಒಂದೇ ಟೈಲ್ಸಿನ ಮೇಲೆ ಹೆಬ್ಬೆರಳಿಟ್ಟು "ಇಲ್ಲಿ" ಎಂದೆ. ಅವನು ಲಿಯೊನ ಮುಖ ನೋಡಿರಬೇಕು. ಲಿಯೊ, "ನನ್ನನ್ಯಾಕೆ ನೋಡ್ತೀಯಪ್ಪ, ಅವಳು ಎಲ್ಲಿ ಹೇಳ್ತಾಳೋ ಅಲ್ಲಿ ಒಡಿ" ಎಂದ. ಒಡೆದ. ಸ್ವಲ್ಪ ಹೊತ್ತು ಸುತ್ತಿಗೆಯ ಸದ್ದು, ಆಮೇಲೆ ಏನೂ ಇಲ್ಲ. ಕೊನೆಗೆ ಇಯೊವೀನೋ, "ಒದ್ದೆ" ಎಂದ. ಅಷ್ಟೇ ಎಂದ. ಬೆಸುಗೆ ಹಾಕಿ ಮುಚ್ಚಿ ಹೋದ. ಈ ಬೀದಿಯಲ್ಲಿ ಇನ್ನೂ ನೆಲ ಬೆಚ್ಚಗಿರುವುದು ನಮ್ಮದು, ಲಿಂಡ್‌ಕ್ವಿಸ್ಟರ ಹಳೆಯ ಮನೆ, ಎರಡೇ ಅಂತೆ. ಅಲ್ಲಿ ಈಗ ಬ್ಯಾಪ್ಟಿಸ್ಟ್ ಎಂಬ ಹೆಸರಿನ ಸಂಸಾರವಿದೆ. ಒಳ್ಳೆಯ ಕರಿಯ ಜನ, ಆಕೆ ನರ್ಸು.

ಸ್ಟ್ಯಾನ್, ಹೇಳಿಬಿಡಿ ಅವಳಿಗೆ. ಈ ಸಲ ಹಾಳೆಗೆ ಎರಡೇ ಸಾಲು ಇರಬೇಕು.

ವಿನ್ನೀ


ಡುಲೂತ್
ಮಾರ್ಚ್ 3, 1991

ವಿನ್ನೀ,

ಸ್ಟ್ಯಾನ್ ಹೇಳಲು ಗಂಟಲು ಸರಿಮಾಡಿಕೊಂಡ. ಬೇಡ ಎಂದೆ. ಲಕೋಟೆ ಅಷ್ಟು ಭಾರ, ಅವನು ಓದಿ ಮುಗಿಸುವುದು ಅಷ್ಟು ಬೇಗ. ಹಾಳೆ ತಿರುಗಿಸುವ ಸದ್ದು ಮಾತಿಗಿಂತ ಹೆಚ್ಚು. ನವೆಂಬರಿನಿಂದಲೇ ಗೊತ್ತು. ಪಾಪ, ಅವನು ನನಗಾಗಿ ಬಚ್ಚಿಟ್ಟಿದ್ದ, ನಾನು ಅವನಿಗಾಗಿ ಬಚ್ಚಿಟ್ಟಿದ್ದೆ.

"ಇಲ್ಲಿ" ಎಂದು ನೀನು ಹೆಬ್ಬೆರಳಿಟ್ಟ ಭಾಗವನ್ನು ಮೂರು ಸಲ ಓದಿಸಿದೆ. ಸೋರುವ ಜಾಗ ನನ್ನ ಕಾಗದದಲ್ಲಿರಲಿಲ್ಲ. ನನ್ನ ಕಾಲದಲ್ಲಿ ಅದು ಸೋರುತ್ತಲೇ ಇರಲಿಲ್ಲವಲ್ಲ. ಅದನ್ನು ಕಂಡವಳು ನೀನೇ. ಆವತ್ತು ನಿಮ್ಮ ಅಮ್ಮನ ಅಡುಗೆಮನೆಯಲ್ಲಿ ಎಲ್ಲರೂ ನನ್ನನ್ನು ಹೇಗೆ ನೋಡಿದರೋ ನನಗೆ ಕಾಣಲಿಲ್ಲ. ಈಗ ಇಲ್ಲಿ ಕುರ್ಚಿಯಲ್ಲಿ ಕೂತು ನಿನ್ನ ಕಡೆ ಹಾಗೆ ನೋಡುತ್ತಿದ್ದೇನೆ ಅನಿಸುತ್ತಿದೆ.

ನನ್ನ ಹಳೆಯ ಟೈಪ್‌ರೈಟರನ್ನು ಪಾರ್ಸೆಲ್ ಮಾಡಿದ್ದೇವೆ. ಎರಡು ತೋರುಬೆರಳು ಕೂರುವ ಅಕ್ಷರಗಳ ಮೇಲೆ ಸ್ಟ್ಯಾನ್ ಅಂಟಿನ ಹನಿ ಹಾಕಿದ್ದಾನೆ. ಅಲ್ಲಿಂದ ದಾರಿ ಹುಡುಕಿಕೋ. ಅದೂ ಒಂದು ನೆಲವೇ.

ರೋಸಲೀ


ಲಾರ್ಕ್ ಲೇನ್
ಈಸ್ಟರ್ ಭಾನುವಾರ, ಮಾರ್ಚ್ 31, 1991

ಪ್ರಿಯ ರೋಸಲೀ,

ಈ ಲಕೋಟೆ ತೆಳ್ಳಗಿದೆ. ಕೈಯಲ್ಲಿ ತೂಗಿ ಹೆದರಬೇಡ. ಇದು ಯಂತ್ರದ್ದು, ಒಂದು ಹಾಳೆಯಲ್ಲಿ ಎಷ್ಟು ಬೇಕಾದರೂ ಹಿಡಿಯುತ್ತದೆ. ತಪ್ಪುಗಳನ್ನು ಸ್ಟ್ಯಾನ್ ನುಂಗಿಕೊಂಡು ಓದಲಿ.

ಹೋದ ಗುರುವಾರ ನಡೆದದ್ದನ್ನು ನಿನಗೆ ಹೇಳಲೇಬೇಕು. ಲಿಯೊಗೆ ಮಾತ್ರ ಹೇಳಿದ್ದೇನೆ. ಅವನು ನಗುತ್ತಾ ನಗುತ್ತಾ ಮುಖ ಒರೆಸಿಕೊಂಡ.

ಮೂಲೆಯ ಅಂಚೆ ಡಬ್ಬಿಗೆ ಕಾಗದ ಹಾಕಲು ಕೋಲು ಹಿಡಿದು ಒಬ್ಬಳೇ ಹೋದೆ. ಸಮುದ್ರದ ಕಡೆಯಿಂದ ಮಂಜು ಬಂದಿತ್ತು. ಉಳಿದಿರುವ ಚೂರುಪಾರು ನೋಟಕ್ಕೆ ಬರೀ ಬಿಳಿ. ಬೇಲಿ ಹಿಡಿದು ವಾಪಸು ಬಂದು, ನಮ್ಮ ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿ, ಶೂ ಕಾಲುಚೀಲ ಬಿಟ್ಟೆ. ಈಗ ಅದೇ ಅಭ್ಯಾಸ. ಕೋಲನ್ನು ಬಾಗಿಲಿಗೆ ಒರಗಿಸಿದೆ. ಮನೆಯೊಳಗೆ ಕೋಲು ಬಳಸುವುದಿಲ್ಲ ಎಂದು ಹಟ. ಗೆರೆ ಹಿಡಿದು, ಗೋಡೆ ಮುಟ್ಟದೆ, ನೇರ ನಡೆದೆ. ಮೆಟ್ಟಿಲ ಬುಡಕ್ಕೆ ಬಂದು ಕೂತೆ. ಯಾವತ್ತಿನ ಹಾಗೆ ನಮ್ಮ ಬೆಕ್ಕು ಅಲ್ಲೇ ಇತ್ತು, ತೊಡೆಯ ಮೇಲೆ ಎಳೆದುಕೊಂಡೆ. "ಬಿಸ್ಕಿಟ್, ನಿನ್ನ ಬಾಲ ಯಾವಾಗೋ ಇಷ್ಟುದ್ದ ಆಯ್ತು?" ಎಂದೆ.

"ಅದರ ಹೆಸರು ಬಿಸ್ಕಿಟ್ ಅಲ್ಲ ಡಾಯ್ಲ್ ಅವರೇ" ಎಂದಿತು ಒಂದು ಧ್ವನಿ. "ನಾವು ಡ್ಯೂಕ್ ಅಂತ ಕರೀತೀವಿ. ಕಾಫಿ ಕುಡೀತೀರಾ?"

ಬ್ಯಾಪ್ಟಿಸ್ಟ್ ಅವರ ಮನೆ, ಲಿಂಡ್‌ಕ್ವಿಸ್ಟರ ಹಳೆಯ ಮನೆ! ಏಳಲು ಹೋದೆ, ಆಕೆ ಭುಜ ಒತ್ತಿ ಕೂರಿಸಿದರು. "ಕೂತ್ಕೊಳ್ಳಿ. ನೀವು ಬಾಗಿಲಿಂದ ಬಂದಿದ್ದನ್ನ ನಾನು ಅಡುಗೆಮನೆಯಿಂದ ನೋಡ್ತಾನೇ ಇದ್ದೆ. ಆಟದ ಸಾಮಾನನ್ನೆಲ್ಲ ಬಳಸಿಕೊಂಡು ಬಂದ್ರಿ, ಒಂದನ್ನೂ ಒದೀಲಿಲ್ಲ. ಕಣ್ಣು ಸರಿಹೋಯ್ತೇನೋ ಅಂದ್ಕೊಂಡೆ." ಆಮೇಲೆ ನಕ್ಕರು. "ಈ ಮನೆ ಕಟ್ಟಿದಾಗ ನಮ್ಮಂಥ ಕರಿಯರಿಗೆ ಮಾರಬಾರ್ದು ಅಂತ ಕರಾರಿನಲ್ಲೇ ಬರೆದಿಟ್ಟಿದ್ರಂತೆ. ನಮ್ಮಮ್ಮ ಬಸ್ಸಲ್ಲಿ ಬಂದು ಈ ಬೀದಿಯಲ್ಲಿ ನೆಲ ಒರೆಸಿ ಹೋಗ್ತಿದ್ರು. ಈಗ ನೋಡಿದ್ರೆ ನೀವು ಕಣ್ಣು ಮುಚ್ಕೊಂಡು ನಮ್ಮನೆಗೇ ಬರ್ತೀರಿ."

ನಾವು ಇಲ್ಲಿ ಆಡಿ ಬೆಳೆಯುವಾಗ ಎಲ್ಲ ಮನೆಯೂ ಒಂದೇ, ಎಲ್ಲ ಬಾಗಿಲೂ ತೆರೆದದ್ದು ಎಂದುಕೊಂಡಿದ್ದೆವು. "ನಿಮ್ಮಮ್ಮ ಬರಿಗಾಲಲ್ಲಿ ಒರೆಸ್ತಿದ್ರಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ. ಆಕೆ, "ಹೂಂ, ಶೂ ನೆನೀಬಾರ್ದು ಅಂತ. ಚಳಿಗಾಲದಲ್ಲಿ ಅದೊಂದೇ ಸುಖ ಅಂತಿದ್ರು" ಎಂದರು. ಹಾಗಾದರೆ ನಿನಗೆ, ಬೆಕ್ಕುಗಳಿಗೆ ಮಾತ್ರವಲ್ಲ, ಆ ತಾಯಿಗೂ ಗೊತ್ತಿತ್ತು.

ಆಕೆ ತಾವೂ ಶೂ ಬಿಟ್ಟು ನನ್ನ ಪಕ್ಕ ನೆಲದ ಮೇಲೆ ಕೂತರು. ಕಾಫಿ ಕುಡಿದೆವು. ಕೆಳಗೆ ನೀರು ಹರಿಯುತ್ತಿತ್ತು. ಆಗ ನನಗೆ ಹೊಳೆಯಿತು, ನಾನು ಕೂತಿದ್ದು ಟಿಮ್ಮಿ ಮಲಗಿದ್ದ ಜಾಗ, ಅದೇ ಜಾಗ. ಅಂಗೈಯನ್ನು ಬಿಡಿಸಿ ಟೈಲ್ಸಿನ ಮೇಲೆ ಇಟ್ಟೆ. ನೀನು ಆವತ್ತು ಬಗ್ಗಿ ಕೈಯಾಡಿಸಿದ್ದೆಯಲ್ಲ, ಹಾಗೆ.

ತಪ್ಪು ಮನೆಗೆ ಹೋಗಿದ್ದೆ, ರೋಸಲೀ. ದಾರಿ ಮಾತ್ರ ಒಂದು ಚೂರೂ ತಪ್ಪಿರಲಿಲ್ಲ.

ನಿನ್ನ
ವಿನ್ನೀ